ಕಿರೀಟದ ಅರ್ಧ

ವೋಲೋಸ್ ಬಂದರಿನಲ್ಲಿ ಅಸಿಮೀನಾಳಷ್ಟು ನೇರವಾಗಿ ಬಟ್ಟೆ ಕತ್ತರಿಸುವವರು ಇರಲಿಲ್ಲ. ಅವಳ ಗಂಡ ಜೀಸಿಸ್‌ನಷ್ಟು ಕುಡಿಯುವವನೂ ಇರಲಿಲ್ಲ, ಅದು ಬೇರೆ ಮಾತು. ತವರಿನವರು ಕೊಟ್ಟ ನೂರು ದ್ರಾಖ್ಮದ ಹತ್ತು ನೋಟುಗಳನ್ನು ಅವಳು ಹನ್ನೆರಡು ವರ್ಷ ಹಾಸಿಗೆಯೊಳಗೆ ಹೊಲಿದಿಟ್ಟಿದ್ದಳು. ಒಂದು ಹೊಲಿಗೆ ಯಂತ್ರ ಕೊಂಡು ಅವನ ಮನೆ ಬಿಡಬೇಕು, ಅಷ್ಟೇ ಆಸೆ. ನೋಟು ಎಲ್ಲಿ ಎಂದು ಅವನು ಕೇಳಿ ಕೇಳಿ ಹೊಡೆದ. ಎರಡು ಹಲ್ಲು ಹೋದವು, ನೋಟು ಹೊರಬರಲಿಲ್ಲ.

ಹೊರಗೆ ತರಿಸಿದ್ದು ಸರ್ಕಾರ. ೧೯೨೨ರ ವಸಂತದಲ್ಲಿ, ಯುದ್ಧಕ್ಕೆ ಕಾಸು ಸಾಲದೆ, ಎಲ್ಲರೂ ತಮ್ಮ ನೋಟನ್ನು ನಡುವೆ ಕತ್ತರಿಸಬೇಕೆಂದು ಕಾನೂನು ಬಂತು. ಮುದುಕನೊಬ್ಬನ ಮುಖವಿರುವ ಎಡಭಾಗ ಅರ್ಧ ಬೆಲೆಗೆ ಅಂಗಡಿಯಲ್ಲಿ ನಡೆಯುತ್ತದೆ. ಕಿರೀಟವಿರುವ ಬಲಭಾಗ ಸರ್ಕಾರಕ್ಕೆ ಕೊಟ್ಟ ಸಾಲ, ಇಪ್ಪತ್ತು ವರ್ಷ ಕಳೆದ ಮೇಲೆ ಹಣ ಸಿಗುವ ಬಾಂಡು. ಬಡವರ ಹೊಟ್ಟೆ ಮೇಲೆ ಹೊಡೆಯುವುದೆಂದರೆ ಇದೇ!

ಅಸಿಮೀನಾ ಹಾಸಿಗೆ ಬಿಚ್ಚಿ, ನೋಟಿನ ಕಟ್ಟು ಹಿಡಿದು ಕತ್ತರಿ ಎತ್ತುವಷ್ಟರಲ್ಲಿ ಜೀಸಿಸ್ ನುಗ್ಗಿದ. ಅವಳ ತಲೆಯನ್ನು ಗೋಡೆಗೆ ಬಡಿದು ಕಟ್ಟಿನ ಬಲತುದಿಗೆ ಕೈ ಹಾಕಿದ.

"ಬಿಡೇ ಕಳ್ಳಿ! ರಾಜನ ಕಿರೀಟ ಇರೋ ಕಡೆ ನಂದು. ಆ ಮುದುಕನ ಮೋರೆ ನೀನೇ ಇಟ್ಕೊ!"

ಓದು ಬಾರದ ಮೂಢ. ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಅಸಿಮೀನಾ ಎಡತುದಿ ಬಿಗಿಹಿಡಿದು ನಡುವೆ ಕತ್ತರಿ ಆಡಿಸಿದಳು.

ಹೆಂಡದಂಗಡಿಯವನು ಜೀಸಿಸ್ ಚಾಚಿದ ಕಿರೀಟದ ತುಂಡು ನೋಡಿ ಬಿದ್ದು ಬಿದ್ದು ನಕ್ಕ. "ಅಯ್ಯೋ ಮಂಕೇ, ಇದಕ್ಕೆ ಇವತ್ತು ಒಂದು ಲೋಟ ನೀರೂ ಹುಟ್ಟಲ್ಲ. ಇಪ್ಪತ್ತು ವರ್ಷ ಬಿಟ್ಟು ಬಾ!"

ಮನೆಗೆ ಓಡಿ ಬಂದವನೇ ಜೀಸಿಸ್ ಇಸ್ತ್ರಿ ಪೆಟ್ಟಿಗೆ ಎತ್ತಿ, ಮೇಜಿನ ಮೇಲಿದ್ದ ಅವಳ ಬಲಗೈಯನ್ನು ಜಜ್ಜಿದ. ಮೂರು ಬೆರಳು ಲಟಲಟನೆ ಮುರಿದವು. "ಇನ್ನು ಹೊಲಿಯೇ, ನೋಡ್ತೀನಿ!" ಎಂದು ಮತ್ತೆ ಎತ್ತುವಷ್ಟರಲ್ಲಿ ಅವಳು ಎಡಗೈಯಲ್ಲಿ ಕತ್ತರಿ ಹಿಡಿದು ಅವನ ತೊಡೆಗೆ ಆಳವಾಗಿ ಇಳಿಸಿದಳು. ಭೇಷ್ ಎನ್ನುತ್ತೇನೆ ನಾನು, ಯಾರು ಏನಾದರೂ ಅಂದುಕೊಳ್ಳಲಿ. ಕಿರುಚುತ್ತ ಬಿದ್ದವನನ್ನು ದಾಟಿ, ಮುಖದ ತುಂಡುಗಳನ್ನು ಎದೆಗೆ ತುರುಕಿಕೊಂಡು ಹೊರಟೇಬಿಟ್ಟಳು.

ಐನೂರು ದ್ರಾಖ್ಮಕ್ಕೆ ಹಳೆಯ ಯಂತ್ರವೊಂದು ಸಿಕ್ಕಿತು. ಬೆರಳುಗಳು ಸೊಟ್ಟಗೇ ಕೂಡಿಕೊಂಡವು. ಎಡಗೈಯಲ್ಲಿ ಕತ್ತರಿಸಲು ಕಲಿತಳು, ಗೆರೆ ಮಾತ್ರ ಮತ್ತೆಂದೂ ನೇರ ಬರಲಿಲ್ಲ. ಆ ಸಂಕಟ ಸಾಯುವವರೆಗೂ ಇತ್ತು.

ಮರುವರ್ಷ ಜೀಸಿಸ್ ಕುಂಟುತ್ತ ಅವಳ ಬಾಗಿಲಿಗೆ ಬಂದ. "ತಪ್ಪಾಯ್ತು ಕಣೇ. ಒಳಗೆ ಸೇರಿಸ್ಕೊ. ಗಂಡ ಅಲ್ವಾ ನಾನು?"

ಅಸಿಮೀನಾ ಯಂತ್ರ ನಿಲ್ಲಿಸಲಿಲ್ಲ.

"ಕಿರೀಟದ ಕಡೆ ಆರಿಸ್ಕೊಂಡೋನು ನೀನೇ ಅಲ್ವೇನೋ?" ಎಂದಳು. "ಇಪ್ಪತ್ತು ವರ್ಷ ಬಿಟ್ಟು ಬಾ."