ಅಜ್ಜನ ಬಲತೋಳು

ಶುಕ್ರವಾರ ಬೆಳಗಿನ ಆರು ಗಂಟೆ. ಜೆರುಸಲೇಮಿನ ಒಂದು ಮುದ್ರಣಾಲಯದಲ್ಲಿ ಅರವತ್ತೊಂದರ ಪೆಸಿಯಾ ಗ್ಲಕ್‌ಮನ್ ಭೂತಗಾಜು ಹಿಡಿದು ಮಕ್ಕಳ ಚಿತ್ರಕಾದಂಬರಿಯ ಮೇಲೆ ಬಗ್ಗಿದ್ದಾರೆ. ಕಥೆಯಲ್ಲಿ ಅಜ್ಜನೊಬ್ಬ ಮೊಮ್ಮಗಳ ಜೊತೆ ಸೇರಿ ಬಾವಿಯ ದೆವ್ವಗಳನ್ನು ಸದೆಬಡಿಯುತ್ತಾನೆ. ಪಕ್ಕದಲ್ಲಿ ಯಂತ್ರ ಆಗಲೇ ಗುಡುಗುತ್ತಿದೆ. ಮಧ್ಯಾಹ್ನ ಹನ್ನೆರಡಕ್ಕೆ, ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ಗೆ ಬಾಗಿಲು ಹಾಕುವುದರೊಳಗೆ ಅಚ್ಚು ಮುಗಿಯದಿದ್ದರೆ ಭಾನುವಾರ ಶುರುವಾಗುವ ಹನುಕ್ಕಾ ಹಬ್ಬಕ್ಕೆ ಪುಸ್ತಕವಿಲ್ಲ.

ಅಮೆರಿಕದಲ್ಲಿ ಎಡದಿಂದ ಬಲಕ್ಕೆ ಸಾಗುವ ಪುಸ್ತಕ, ಬಲದಿಂದ ಎಡಕ್ಕೆ ಓದುವ ಹೀಬ್ರೂವಿಗೆ ಬರುವಾಗ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಾರೆ. ಆಗ ಬಾಗಿಲ ಬಲಗಂಬದಲ್ಲಿರಬೇಕಾದ ಪವಿತ್ರ ವಾಕ್ಯದ ಪುಟ್ಟ ಕರಡಿಗೆ, ಮೆಜುಜಾ, ಎಡಕ್ಕೆ ಹಾರುತ್ತದೆ. ಎಡತೋಳಿಗೆ ಕಟ್ಟಬೇಕಾದ ಪ್ರಾರ್ಥನೆಯ ಪೆಟ್ಟಿಗೆ, ತೆಫಿಲಿನ್, ಬಲತೋಳಿಗೆ ಬರುತ್ತದೆ. ಇವನ್ನು ಹುಡುಕಿ ಸರಿಪಡಿಸುವುದು ಪೆಸಿಯಾ ಅವರ ಕೆಲಸ. ಇಪ್ಪತ್ತಮೂರು ವರ್ಷದಿಂದ, ದಿನಕ್ಕೆ ಇನ್ನೂರು ಚಿತ್ರಚೌಕ. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ಹೋದ ವರ್ಷ ಒಂದು ಮೆಜುಜಾ ಕಣ್ತಪ್ಪಿಸಿತು, ಶಾಲೆಯೊಂದು ಪುಸ್ತಕ ವಾಪಸ್ಸು ಕಳಿಸಿತು. ಇನ್ನೊಂದು ತಪ್ಪಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ ಮಾಲೀಕರು.

ಭೂತಗಾಜು ಒಂದು ಚೌಕದ ಮೇಲೆ ನಿಲ್ಲುತ್ತದೆ. ಅಜ್ಜ ತಾಯಿತ ಬರೆಯುತ್ತಿದ್ದಾನೆ, ಎಡಗೈಯಲ್ಲಿ. ಹಿಂದಿನ ಪುಟದಲ್ಲಿ ಕತ್ತಿಯೂ ಎಡಗೈಯಲ್ಲೇ. ಕನ್ನಡಿ ಅವನನ್ನು ಎಡಚನನ್ನಾಗಿ ಮಾಡಿಬಿಟ್ಟಿದೆ. ಎಡಚರು ತೆಫಿಲಿನ್ ಕಟ್ಟುವುದು ಬಲತೋಳಿಗೇ. ಅಂದರೆ ತಿರುಗಿದ ಚಿತ್ರವೇ ಸರಿಯಿತ್ತು. ನಿನ್ನೆ ಕೂತು ಒಂಬತ್ತು ಚೌಕಗಳಲ್ಲಿ ಅದನ್ನು ಎಡಕ್ಕೆ ತಂದು ಕೆಡಿಸಿದವರು ಸ್ವತಃ ಪೆಸಿಯಾ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದೆ.

ಅವರು ಭೂತಗಾಜನ್ನು ಕೆಳಗಿಡುತ್ತಾರೆ. ಬಾಯಿ ಬಿಡದಿದ್ದರೆ ಕೆಲಸ ಉಳಿದೀತು, ಹಬ್ಬಕ್ಕೆ ಪುಸ್ತಕವೂ ಬಂದೀತು. ಆದರೂ ಎದ್ದು ಹೋಗಿ ಕೂಗುತ್ತಾರೆ: "ನಿಲ್ಸು ಶಿಮೋನ್!"

ಯಂತ್ರ ನಡೆಸುವ ಶಿಮೋನ್ ಅಬುತ್ಬುಲ್ ವಿಷಯ ಕೇಳಿ ಹಣೆ ಚಚ್ಚಿಕೊಳ್ಳುತ್ತಾನೆ. "ನೀನೇ ಸರಿ ಮಾಡ್ದೆ, ಈಗ ನೀನೇ ತಪ್ಪು ಅಂತೀಯ! ಯಾರಮ್ಮಾ ನೋಡ್ತಾರೆ ಅದನ್ನ?"

"ಎಡಚ ಮಕ್ಕಳು ನೋಡ್ತಾವೆ. ಬೈಯೋದಿದ್ರೆ ಆಮೇಲೆ ಬೈ, ಮೊದ್ಲು ನಿಲ್ಸು."

ಒಂಬತ್ತು ಚೌಕ ಹಳೆಯ ರೂಪಕ್ಕೆ ಮರಳುವಾಗ ಒಂಬತ್ತೂವರೆ. ಮಾಲೀಕರಿಗೆ ಪೆಸಿಯಾ ತಾವೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುತ್ತಾರೆ. "ಭಾನುವಾರ ಮಾತಾಡೋಣ" ಎಂದಷ್ಟೇ ಉತ್ತರ. ಕೊನೆಯ ಹಾಳೆ ಬೀಳುವಾಗ ಹನ್ನೆರಡಕ್ಕೆ ಐದು ನಿಮಿಷ.

ಕೆಲಸ ಉಳಿಯುತ್ತದೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಅಜ್ಜನ ಚಿತ್ರವಿರುವ ಒಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ ಶಿಮೋನನಿಗೆ ಹೇಳುತ್ತಾರೆ:

"ನಮ್ಮೆಜಮಾನ್ರು ಎಡಚ್ರು. ಮೂವತ್ತೆಂಟು ವರ್ಷ ಅವರ ಬಲತೋಳು ನೋಡಿಯೂ ಮರ್ತೆನಲ್ಲ! ಹೊಸ ಪ್ರಾರ್ಥನಾಮಂದಿರಕ್ಕೆ ಹೋದ್ರೆ ಈಗ್ಲೂ ಯಾರಾದ್ರೂ 'ಉಲ್ಟಾ ಕಟ್ಕೊಂಡಿದೀಯ ಕಣಯ್ಯ' ಅಂತ ನಗ್ತಾರೆ. ಇನ್ಮೇಲೆ ನಗ್ಲಿ ನೋಡೋಣ. ದೆವ್ವ ಹೊಡ್ದೋನೂ ಹಿಂಗೇ ಕಟ್ಕೊಂಡಿದ್ದ ಅಂತ ಇವರು ಈ ಹಾಳೆ ತೆಗ್ದು ತೋರಿಸ್ತಾರೆ."