ಟೀಚರಮ್ಮನ ಕೋಣೆಯ ಬಾಗಿಲು

ಆತಗೂರಿನ ಟೀಚರಮ್ಮನನ್ನು ಕಂಡರೆ ಊರಿಗೆಲ್ಲ ಪ್ರೀತಿ ಇತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ಅವರು ಬದುಕಿದ್ದಾಗ ನಾವು ಅದನ್ನು ಹೆದರಿಕೆ ಎಂದುಕೊಂಡಿದ್ದೆವು. ನಿವೃತ್ತಿಯಾದ ಮೇಲೂ ಅವರ ಶಾಲೆ ಮುಗಿಯಲಿಲ್ಲ. ನಮ್ಮ ಪಕ್ಕದ ಅವರ ಮನೆಯೇ ತರಗತಿಯಾಯಿತು. ಯಾರಾದರೂ ಸುಮ್ಮನೆ ಅವರ ಕೋಣೆಯ ಹೊಸಿಲು ದಾಟಿದರೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು.

"ಕೇಳ್ದೆ ಒಳೀಕೆ ಬಂದೋರು ಯಾರು? ಆಚೆ ಓಗಿ ಕೇಳ್ಕೊಂಡ್ ಬಾ!"

ಕಾಫಿ ತಂದ ಸೊಸೆಯೂ ಆಚೆ ಹೋಗಿ ಕೇಳಿಕೊಂಡು ಬರಬೇಕು; ಆಮೇಲೆ ಕಾಫಿ ಆರಿದೆಯೆಂದು ಬೈಸಿಕೊಳ್ಳಬೇಕು.

ಅವರು ತೀರಿಕೊಂಡ ವರ್ಷ ಪಿತೃಪಕ್ಷದಲ್ಲಿ ಅದೇ ಕೋಣೆಯಲ್ಲಿ ಫೋಟೋದ ಮುಂದೆ ಮುದ್ದೆ, ಕೋಳಿಸಾರು, ವಡೆ ಎಲ್ಲ ಎಡೆಯಿಟ್ಟರು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಬಹಳ ಹೊತ್ತಾದರೂ ಬಾಗಿಲು ತೆಗೆಯಲು ಯಾರೂ ಮುಂದಾಗಲಿಲ್ಲ.

"ನೀನೇ ತಗಿ ಅಣ್ಣ" ಎಂದ ಕಿರಿಯ ಮಗ.

ಹಿರಿಯ ಮಗ ಗುತ್ತಿಗೆದಾರ. ಮದ್ದೂರಿನ ಯಾವ ಕಚೇರಿಗಾದರೂ ಸಾಹೇಬರನ್ನು ಕೇಳದೆ ನುಗ್ಗುವ ಗಂಡಸು. "ನಾನೇನ್ ಎದ್ರುಕತೀನೇನ್ಲಾ? ನೀನೇ ತಗಿ" ಎಂದು ಗದರಿದ.

"ಸಾರು ಆರೋಯ್ತದೆ. ಬೈಸ್ಕೊಳೋಳು ನಾನು" ಎಂದಳು ಅವನ ಹೆಂಡತಿ.

ಅವನು ಬಾಗಿಲ ಮುಂದೆ ಹೋಗಿ, ಅಂಗಿಯ ಗುಂಡಿ ಹಾಕಿಕೊಂಡು, ಕೈಕಟ್ಟಿ ನಿಂತ.

"ಒಳೀಕೆ ಬರ್ಲಾ ಅವ್ವಾ?"

ಯಾರೂ ನಗಲಿಲ್ಲ. ಉತ್ತರ ಬರಲಿಲ್ಲವೆಂದು ಅವನು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕೇಳಿದ. ಅಷ್ಟರಲ್ಲಿ ನಾವೂ ಕೈಕಟ್ಟಿದ್ದೆವು.