ಅರಗು ತಿಂದ ಬೆರಳು

ನವೆಂಬರ್ ಬಂತೆಂದರೆ ನಿವೃತ್ತಿ ವೇತನ ಪಡೆಯುವ ನಾವೆಲ್ಲ ಬದುಕಿದ್ದೇವೆಂದು ಸರ್ಕಾರಕ್ಕೆ ಸಾಬೀತುಪಡಿಸಬೇಕು. ಉಳಿದ ತಿಂಗಳುಗಳಲ್ಲಿ ನಾವು ಹೇಗಿದ್ದರೂ ಯಾರೂ ವಿಚಾರಿಸುವುದಿಲ್ಲ. ವಿಧಿಯೇನೋ ಸರಳವಾದದ್ದೇ. ಅಂಚೆಯವರು ತರುವ ಅಂಗೈ ಅಗಲದ ಯಂತ್ರದ ಗಾಜಿನ ಮೇಲೆ ಬೆರಳಿಡಬೇಕು. ಗಾಜಿನಡಿ ದೀಪ ಹತ್ತುತ್ತದೆ, ಒಪ್ಪಿದರೆ ಹಸಿರು, ಇಲ್ಲದಿದ್ದರೆ ಕೆಂಪು. ನಮ್ಮ ಬೆರಳ ಗೆರೆಗೂ ಆಧಾರ್‌ನಲ್ಲಿರುವ ಗೆರೆಗೂ ತಾಳೆಯಾದರೆ ಇನ್ನೊಂದು ವರ್ಷ ನಾವು ಅಧಿಕೃತವಾಗಿ ಜೀವಂತ. ತಾಳೆಯಾಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಉಸಿರಾಡುವುದಕ್ಕೆ ಮಾತ್ರ ಯಾರದೂ ಆಕ್ಷೇಪಣೆ ಇರುವುದಿಲ್ಲ.

ನಾನು ಹೊಸದುರ್ಗದ ಕಡೆಯ ಒಂದು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಊರಿನ ಹೆಸರು ಬೇಡ, ಊರು ಯಾವ ತಪ್ಪೂ ಮಾಡಿಲ್ಲ. ಅದೇ ಕಚೇರಿಯಲ್ಲಿ ಪ್ಯಾಕರ್ ಆಗಿದ್ದವನು ನನ್ನ ಓರಗೆಯವನು. ಈಗ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾನೆ. ಪ್ಯಾಕರ್ ಎಂದರೆ ಟಪಾಲು ಚೀಲ ಕಟ್ಟುವವನು. ಮಧ್ಯಾಹ್ನದ ಬಸ್ಸು ಬರುವುದರೊಳಗೆ ಚೀಲದ ಬಾಯನ್ನು ಹುರಿಯಿಂದ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಸುರಿದು, ಅದು ಆರುವ ಮೊದಲು ಹಿತ್ತಾಳೆಯ ಮುದ್ರೆ ಒತ್ತಿ, ಚೀಲವನ್ನು ಹೆಗಲಿಗೇರಿಸಿ ಓಡಬೇಕು. ಬಸ್ಸು ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಅದರ ಕಂಡಕ್ಟರು ಸ್ವಂತ ಮಾವನಿಗೂ ಕಾಯುವ ಪೈಕಿಯಲ್ಲ.

ಆರಂಭದಲ್ಲಿ ನಮ್ಮಲ್ಲಿ ಅರಗು ಕರಗಿಸಲು ಒಂದು ಸೀಮೆಎಣ್ಣೆ ಸ್ಟೌವೂ ಮರದ ಹಿಡಿಯ ಒಂದು ಕಬ್ಬಿಣದ ಸೌಟೂ ಇದ್ದವು. ಸೌಟಿನ ಹಿಡಿ ಮುರಿಯಿತು. ಹೊಸದಕ್ಕೆ ಬರೆದೆವು. ‘ಇರುವುದರಲ್ಲೇ ನಿಭಾಯಿಸತಕ್ಕದ್ದು’ ಎಂದು ಉತ್ತರ ಬಂತು. ಆ ಉತ್ತರ ಬಂದ ಲಕೋಟೆ ಬಹಳ ಒಳ್ಳೆಯ ಕಾಗದದ್ದಾಗಿತ್ತು. ಆಮೇಲೆ ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು, ಎರಡು ಚೀಲಗಳ ನಡುವಿನ ಬಿಡುವಿನಲ್ಲಿ ಸ್ಟೌವು ಸುಮ್ಮನೆ ಉರಿಯುತ್ತಿರುವುದನ್ನು ಕಣ್ಣಾರೆ ಕಂಡರು. ರಾಷ್ಟ್ರದ ಸಂಪತ್ತು ಹೀಗೆ ನೀಲಿ ಜ್ವಾಲೆಯಾಗಿ ಹೋಗುತ್ತಿದೆಯಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂದಿರಬೇಕು. ಸ್ಟೌವು ಹೋಯಿತು, ಮೇಣದಬತ್ತಿ ಬಂತು. ನಮ್ಮ ಸೀಮೆಯ ಗಾಳಿಗೆ ಈಗ ಗುಡ್ಡದ ಮೇಲೆಲ್ಲ ಯಂತ್ರ ನಿಲ್ಲಿಸಿ ಕರೆಂಟು ತೆಗೆಯುತ್ತಾರೆ. ಆಗ ಅದಕ್ಕಿದ್ದ ಒಂದೇ ಉದ್ಯೋಗ ನಮ್ಮ ಮೇಣದಬತ್ತಿ ಆರಿಸುವುದು.

ಅಷ್ಟರಲ್ಲಿ ಅರಗೂ ಅಗ್ಗದ್ದು ಬರತೊಡಗಿತು. ಅದು ಇಟ್ಟಿಗೆಯ ದೂರದ ಸಂಬಂಧಿ. ಅರೆಬರೆ ಕರಗಿದರೆ ಹುರಿಗೆ ಹಿಡಿಯದು. ಹಾಗೇ ಮುದ್ರೆ ಒತ್ತಿದರೆ ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲೇ ಚೂರಾಗುತ್ತಿತ್ತು. ಮುದ್ರೆ ಒಡೆದ ಚೀಲ ಚಿತ್ರದುರ್ಗ ತಲುಪಿದರೆ ಅಲ್ಲಿಂದ ವಿವರಣೆ ಕೇಳುತ್ತಿದ್ದರು, ಅರಗನ್ನಲ್ಲ, ಪ್ಯಾಕರನ್ನು. ಹೀಗಾಗಿ ಅವನೊಂದು ಪದ್ಧತಿ ಮಾಡಿಕೊಂಡ. ಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ತೊಟ್ಟಿಕ್ಕಿದ್ದನ್ನು ಉಗುಳು ಹಚ್ಚಿದ ಹೆಬ್ಬೆರಳಿನಿಂದ ಗಂಟಿನೊಳಕ್ಕೆ ಅದುಮುವುದು, ಸುತ್ತಲೂ ಮಿಕ್ಕ ಬೆರಳುಗಳಿಂದ ಸವರುವುದು, ಆಮೇಲೆ ಮುದ್ರೆ. ಚುಯ್ ಎಂದು ಸದ್ದಾಗುತ್ತಿತ್ತು. ಕೌಂಟರಿನಲ್ಲಿ ಸ್ಟ್ಯಾಂಪು ಕೊಳ್ಳಲು ಬಂದವರು ಒಗ್ಗರಣೆ ಎಂದುಕೊಂಡು ಒಳಗೆ ಇಣುಕುತ್ತಿದ್ದರು.

“ಬೆರಳಿಗೊಂದು ಬಟ್ಟೆನಾದರೂ ಸುತ್ತಿಕೊಳ್ಳಪ್ಪ,” ಎಂದು ನಾನು ಹೇಳಿದ್ದುಂಟು.

“ಸುತ್ತಿದ್ರೆ ಬಟ್ಟಿಗೇ ಅಂಟ್ಕತೈತೆ ಸ್ವಾಮಿ. ಅರಗು ದಂಡ. ಅದುಕ್ಕೂ ಯಾರಾದ್ರೂ ಬಂದು ಕಣ್ಣೀರಾಕ್ತಾರೆ.”

ಅವನ ಬೆರಳ ತುದಿಗಳು ಬೊಬ್ಬೆಯೆದ್ದು, ಒಡೆದು, ಆರಿ, ಮತ್ತೆ ಎದ್ದು, ಕೊನೆಗೆ ಸುಮ್ಮನಾದವು. ನುಣ್ಣಗೆ, ಬೆಳ್ಳಗೆ, ಹುಣಸೆ ಬೀಜ ತೇಯ್ದಂತೆ. ಮೇಲಧಿಕಾರಿಗಳಿಗೆ ಮಿತವ್ಯಯಕ್ಕಾಗಿ ಪ್ರಶಂಸೆ ಸಿಕ್ಕಿತು, ಬಡ್ತಿಯೂ ಆಯಿತು. ಸುಟ್ಟಗಾಯದ ಮುಲಾಮನ್ನು ಅವನು ಸ್ವಂತ ದುಡ್ಡಿನಲ್ಲೇ ಕೊಳ್ಳುತ್ತಿದ್ದನಾದ್ದರಿಂದ ಅದು ಇಲಾಖೆಯ ಲೆಕ್ಕಕ್ಕೆ ಬರಲಿಲ್ಲ. ಅವನು ನಿವೃತ್ತನಾದ ಮೇಲೆ ಚೀಲಗಳಿಗೆ ಪ್ಲಾಸ್ಟಿಕ್ಕಿನ ಬೀಗ ಬಂತು, ಒತ್ತಿದರೆ ಟಕ್ಕೆಂದು ಕೂರುವಂಥದ್ದು. ಒಂದು ದಿನ ಬಂದು ನೋಡಿ, “ಚಂದೈತೆ,” ಎಂದು ಹೇಳಿ ಹೋದ.

ಈ ಸಲದ ನವೆಂಬರಿನವರೆಗೂ ಇದು ಮುಗಿದ ಕಥೆಯೆಂದೇ ನಾವೆಲ್ಲ ತಿಳಿದಿದ್ದೆವು. ಹಳೆಯ ಬೆರಳುಯಂತ್ರ ಸ್ವಲ್ಪ ಗೊಣಗಿಯಾದರೂ ಅವನ ಎಡಗೈ ಕಿರುಬೆರಳನ್ನು ಒಪ್ಪುತ್ತಿತ್ತು. ಈ ಸಲ ಆ ಯಂತ್ರಗಳನ್ನು ತೆಗೆದು, ಇನ್ನೂ ಅಗ್ಗದ್ದನ್ನು ತರಿಸಿ ಹಂಚಿದರು.

ಯಂತ್ರ ತರುವವಳು ನಮ್ಮ ಭಾಗದ ಅಂಚೆ ಬಟವಾಡೆಯ ಹುಡುಗಿ, ಬಾಗೂರು ಕಡೆಯವಳು. ಸ್ವಂತ ಸ್ಕೂಟರು, ಸ್ವಂತ ಪೆಟ್ರೋಲು, ಬಾಯಿಯೂ ಸ್ವಂತದ್ದೇ. ಪ್ಯಾಕರನ ಮನೆಯ ಜಗಲಿಯಲ್ಲಿ ಅವಳು ಪರಿಕರಗಳನ್ನು ಹರಡಿದಳು: ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆಯ ಶೀಸೆ, ಅರ್ಧ ನಿಂಬೆಹಣ್ಣು. ಇವು ಯಾವುವೂ ಇಲಾಖೆ ಕೊಟ್ಟವಲ್ಲ. ಯಂತ್ರ ಬಂದ ಮೇಲೆ ಅನುಭವದಿಂದ ಸೇರಿದವು.

“ಸರ್, ಮೊದ್ಲು ನೀವು ಬರ್ರಿ. ಬೋಣಿ ಆಗ್ಲಿ,” ಎಂದಳು.

ನಾನು ಬೆರಳಿಟ್ಟೆ. ಇಡುವುದರೊಳಗೆ ಹಸಿರು ದೀಪ ಹತ್ತಿತು. ನಾನು ಬದುಕಿದ್ದೇನೆಂಬ ಸಂದೇಶ ನನ್ನ ಫೋನಿಗೇ ಬಂತು.

“ನಿಮ್ಮ ಬೆರಳಿಗೇನು ಸ್ವಾಮಿ,” ಎಂದ ಪ್ಯಾಕರ್. “ಇನ್ನಾ ಹೊಸಾದು. ಪ್ಯಾಕೆಟ್ಟೇ ಒಡೆದಿಲ್ಲ.”

ಅವನ ಸರದಿ ಬಂತು. ಹೆಬ್ಬೆರಳು, ಕೆಂಪು. ತೋರುಬೆರಳು, ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಂಪು. ಎಣ್ಣೆ ಸವರಿ, ನಿಂಬೆ ಉಜ್ಜಿ, ಬಿಸಿನೀರಿನಲ್ಲಿ ಅದ್ದಿ, ಕಿರುಬೆರಳಿಗೆ ವಿಶೇಷ ಪೂಜೆ ಸಲ್ಲಿಸಿ, ಕೆಂಪು. ಅಷ್ಟು ಅಭಿಷೇಕ ಮಾಡಿಸಿಕೊಂಡು ವರ ಕೊಡದ ದೇವರನ್ನು ನಾನು ಕಂಡಿರಲಿಲ್ಲ.

“ತಾತ, ಒಂಚೂರು ಒತ್ತಿ ಇಡ್ರಿ.”

“ಒತ್ತೀ ಒತ್ತೀನೇ ಹಿಂಗಾಗಿರದು ತಾಯಿ.”

ಮುಖ ತೋರಿಸಿದರೂ ಆಗುತ್ತದಂತೆ. ಇಲಾಖೆ ಕೊಟ್ಟ ಫೋನು ಹಳೆಯದು, ಆ ಕೆಲಸಕ್ಕೆ ಒಪ್ಪಲಿಲ್ಲ. ಅವಳ ಸ್ವಂತ ಫೋನು ಒಪ್ಪಿ, ಕಣ್ಣು ಮಿಟುಕಿಸಲು ಹೇಳಿತು. ಜೀವಮಾನವಿಡೀ ಆಜ್ಞೆ ಪಾಲಿಸಿದವನು ಅವನು. ಕಣ್ಣು ಮುಚ್ಚಿದವನು, ತೆರೆಯಲು ಇನ್ನೊಂದು ಆಜ್ಞೆ ಬರಲೆಂದು ಹಾಗೇ ಕಾಯುತ್ತ ಕುಳಿತ. ತಿಳಿಸಿ ಹೇಳಿ ಮತ್ತೆ ಮಾಡಿಸಿದಾಗ, ಆಧಾರ್‌ನಲ್ಲಿ ಈ ಮುಖ ಇಲ್ಲವೆಂದಿತು. ಆಧಾರ್‌ನಲ್ಲಿದ್ದವನಿಗೆ ದಪ್ಪ ಮೀಸೆಯೂ ತುಂಬಿದ ಕೆನ್ನೆಯೂ ಇದ್ದವು.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಗಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮಕ್ಕಳಿಲ್ಲ, ಪಿಂಚಣಿ ಬಿಟ್ಟರೆ ಬೇರೆ ಹುಟ್ಟುವಳಿ ಇಲ್ಲ. ಹಿಂದೊಮ್ಮೆ ಮನೆಯ ಸೂರು ರಿಪೇರಿಗೆ ಖರ್ಚಾದಾಗ ಆಕೆ ಯಾರಿಗೂ ಹೇಳದೆ ಮದ್ದನ್ನು ಅರ್ಧ ಮಾಡಿಕೊಂಡು, ಅಡುಗೆಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹೊಸದುರ್ಗದ ಆಸ್ಪತ್ರೆಯಿಂದ ಚಿತ್ರದುರ್ಗಕ್ಕೆ ಸಾಗಿಸಬೇಕಾಯಿತು. ‘ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ’ ಎಂದು ಅಲ್ಲಿನ ಡಾಕ್ಟರು ಹೇಳಿದ್ದು ನನ್ನೆದುರಿಗೇ.

ಆ ಹುಡುಗಿ ಮತ್ತೆ ಮತ್ತೆ ಬಂದಳು. ಬೆಳಗಿನ ತಂಪಿನಲ್ಲಿ ಬಂದಳು, ಬಿಸಿಲೇರಿದ ಮೇಲೆ ಬಂದಳು. ಅವಳು ಇವನ ಜಗಲಿಯಲ್ಲಿ ಕೂತಷ್ಟು ಹೊತ್ತು ಉಳಿದವರ ಟಪಾಲು ಅವಳ ಸ್ಕೂಟರಿನ ಮೇಲೆ ಕೂತಿರುತ್ತಿತ್ತು. ತಡವೇಕೆಂದು ಕಚೇರಿಯಲ್ಲಿ ಅವಳನ್ನು ಬೈದರು. “ಯಂತ್ರ ಓದಲ್ಲ ಅಂದ್ರೆ, ನಿಂಗೆ ಓದ್ಸಾಕೆ ಬರಲ್ಲ ಅಂತಾರೆ ಸರ್. ಅದೇನು ಇಸ್ಕೂಲ್ ಹುಡ್ಗನಾ, ಕಿವಿ ಹಿಂಡಿ ಓದ್ಸಾಕೆ?” ಎಂದು ನನ್ನ ಮುಂದೆ ರೇಗಿದಳು. ಆಮೇಲೆ ಯಂತ್ರವನ್ನು ಚೀಲಕ್ಕೆ ತುರುಕಿ, ಕಣ್ಣೊರೆಸಿಕೊಂಡು ಹೊರಟಳು. ಹೀಗೆ ಬಂದು ಹೋಗಲು ಅವಳು ಸುಟ್ಟ ಪೆಟ್ರೋಲಿನಲ್ಲಿ ನಮ್ಮ ಹಳೆಯ ಸ್ಟೌವು ಎಷ್ಟು ದಿನ ಉರಿಯುತ್ತಿತ್ತೋ, ಆ ವಿಚಾರವನ್ನು ಮಿತವ್ಯಯದ ಪಂಡಿತರಿಗೆ ಬಿಡುತ್ತೇನೆ.

ಕಡೆಯ ದಾರಿ ಕಣ್ಣಿನದು. ಕಣ್ಣಿನ ಪಾಪೆ ನೋಡಿ ಗುರುತು ಹಿಡಿಯುವ ಯಂತ್ರವೊಂದು ಚಿತ್ರದುರ್ಗದ ದೊಡ್ಡ ಅಂಚೆ ಕಚೇರಿಯಲ್ಲಿದೆಯೆಂದು ಅವಳೇ ವಿಚಾರಿಸಿ ಹೇಳಿದಳು. ತಿಂಗಳು ಮುಗಿಯುತ್ತ ಬಂದಿತ್ತು. ನಾನೂ ಪ್ಯಾಕರನೂ ಬೆಳಗಿನ ಬಸ್ಸಿಗೆ ಹೊರಟೆವು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ದಾರಿಯುದ್ದಕ್ಕೂ ಧೂಳು ಬೀಳದಿರಲೆಂದು ಕಣ್ಣಿಗೆ ಟವೆಲ್ಲು ಅಡ್ಡ ಹಿಡಿದು ಕುಳಿತಿದ್ದ. ಹೆಣ್ಣು ನೋಡಲು ಹೊರಟ ಗಂಡಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ.

ಅಲ್ಲಿಯ ಕೌಂಟರಿನವರು ಸೌಜನ್ಯದಿಂದಲೇ ಮಾತಾಡಿದರು. ಹಲವು ಕಚೇರಿಗಳಿಗೆ ಸೇರಿಸಿ ಒಂದೇ ಯಂತ್ರ ಕೊಂಡಿದ್ದಾರೆ, ಈ ವಾರ ಅದು ಹಿರಿಯೂರಿನಲ್ಲಿದೆ ಎಂದರು. ಅಲ್ಲಿಗೇ ಹೋಗುತ್ತೇವೆ ಎಂದೆವು. ಒಂದು ಫೋನು ಮಾಡಿ ಕೇಳಿ, ಹೋಗುವುದು ಬೇಡ, ಅದರ ವೈರು ಕೆಟ್ಟಿದೆ, ಹೊಸ ವೈರಿಗೆ ಮಂಜೂರಾತಿ ಬರಬೇಕು ಎಂದರು. ಕಾಗದದ ಅರ್ಜಿ ಬರೆಸಿಕೊಂಡರು. ಅದು ಮೇಲೆ ಹೋಗಿ ಕೆಳಗೆ ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ, ಇಳಿದ ಮೇಲೆ ಬಾಕಿಯೆಲ್ಲ ಸೇರಿಸಿ ಕೊಡುತ್ತಾರೆ, ಚಿಂತೆ ಮಾಡಬೇಡಿ ಎಂದರು. ಎಷ್ಟು ಸಮಯ ಎಂದು ಕೇಳಿದೆ. ಅವರು ಮೇಲೆ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು.

ವಾಪಸು ಬಸ್ಸು ಹೊಳಲ್ಕೆರೆ ದಾಟಿತು. ಟವೆಲ್ಲು ಅವನ ಮಡಿಲಲ್ಲೇ ಬಿದ್ದಿತ್ತು, ಧೂಳು ಧಾರಾಳವಾಗಿ ಬರುತ್ತಿತ್ತು.

“ಸ್ವಾಮಿ, ಮನ್ಯಾಗೆ ಆಯ್ತು ಅಂತ ಹೇಳಾಣ.”

“ಆಗಿಲ್ಲವಲ್ಲಪ್ಪ.”

“ನಿಂತೋಗೈತೆ ಅಂತ ಗೊತ್ತಾದ್ರೆ ಇವಳು ಮತ್ತೆ ಸೂಜಿ ಮದ್ದು ಅರ್ಧ ಮಾಡ್ಕತಾಳೆ. ನಾನೇನಾರ ಕೆಲ್ಸ ಹುಡಿಕ್ಕಂಡು ಒಂದನೇ ತಾರೀಕಿಗೆ ಕೈಗೆ ಕೊಡ್ತೀನಿ. ಅವಳು ಪಿಂಚಣಿ ಅಂತ ಅಂದ್ಕಳ್ಳಿ. ನೀವು ಹೂಂ ಅಂದ್ರೆ ಸಾಕು.”

“ಈ ವಯಸ್ಸಿನಲ್ಲಿ ನಿನಗೆ ಯಾರು ಕೆಲಸ ಕೊಡ್ತಾರೆ?”

“ಬೆರಳು ಕೇಳ್ದಿರೋರು ಯಾರಾದ್ರೂ ಕೊಡ್ತಾರೆ.”

ಮನೆಗೆ ಬಂದಾಗ ಹೆಂಡತಿ ಹೊಸಿಲಲ್ಲೇ ನಿಂತಿದ್ದಳು. “ಕಣ್ಣಾಗೆ ಸಿಕ್ಕಾಕ್ಕಂಡೆ ಕಣೆ, ಆಯ್ತು,” ಎಂದ ಅವನು. ಆಕೆ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ.

ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾಸಗಿ ಪಾರ್ಸೆಲ್ ಅಂಗಡಿ, ರಟ್ಟಿನ ಡಬ್ಬಿಗಳಿಗೆ ಟೇಪು ಸುತ್ತುವುದು. ಗಂಟು, ಕಟ್ಟು ಇವನ ಕಸುಬೇ ಆದ್ದರಿಂದ ಮಾಲೀಕ ಮೊದಲ ದಿನವೇ ಖುಷಿಯಾದನಂತೆ. ಮಠದಲ್ಲಿ ದಾಸೋಹದ ಉಸ್ತುವಾರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಬೆಳಿಗ್ಗೆ ಹೋದವನು ಸಂಜೆ ಬರತೊಡಗಿದ. ಒಂದನೇ ತಾರೀಕು ಬಂತು, ಕೊಟ್ಟ. ಅದರ ಮುಂದಿನ ತಿಂಗಳೂ ಕೊಟ್ಟ. ಅರ್ಜಿ ಮಾತ್ರ ಇನ್ನೂ ಮೇಲೆಯೇ ಇತ್ತು.

ಮೊನ್ನೆ ಅವರ ಮನೆ ಮುಂದೆ ಹಾದು ಹೋಗುವಾಗ ಆಕೆ ಕರೆದಳು. “ಬರ್ರಿ ಅಣ್ಣಾ, ಕುಂತ್ಕಳ್ರಿ.” ಚಹಾ ಕೊಟ್ಟಳು. ಮುಖ ಊದಿಕೊಂಡಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು.

“ನಿಮಗೂ ಬಂತಾ ಅಣ್ಣಾ, ಪಿಂಚಣಿ?”

“ಬಂತಮ್ಮ.”

“ನಮ್ಮೋರಿಗೆ ಎಲ್ಡು ತಿಂಗ್ಳಿಂದ ಕಮ್ಮಿ ಬರ್ತೈತೆ. ನಿಮಗೂ ಕಮ್ಮಿ ಮಾಡವ್ರಾ?”

ಒಂದು ಸಲ ಹೂಂ ಎಂದ ಮೇಲೆ ಮುಂದಿನ ಹೂಂಗಳು ತಾವಾಗಿ ಬರುತ್ತವೆ. “ಹೂಂ,” ಎಂದೆ.

“ಸರ್ಕಾರ್ದೋರಿಗೂ ಕಷ್ಟ ಇರ್ತೈತೆ ಬಿಡ್ರಿ ಪಾಪ, ಎಷ್ಟು ಜನಕ್ಕೆ ಅಂತ ಕೊಡ್ತಾರೆ.” ಸೆರಗಿನಿಂದ ಬೆವರೊರೆಸಿಕೊಂಡು ದನಿ ತಗ್ಗಿಸಿದಳು. “ಅದುಕ್ಕೇ ನಾನೂ ಸೂಜಿ ಮದ್ದು ಒಂಚೂರು ಕಮ್ಮಿ ಮಾಡ್ಕಂಡೀನಿ. ಇವ್ರಿಗೆ ಹೇಳ್ಬ್ಯಾಡ್ರಿ.”

ಚಹಾ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಅವನು ಡಬ್ಬಿಗಳ ನಡುವೆ ನೆಲದ ಮೇಲೆ ಕೂತಿದ್ದ. ಕತ್ತರಿ ಕಾಣಲಿಲ್ಲ, ಟೇಪನ್ನು ಎಳೆದು, ಬಾಯಿಗೆ ಕೊಟ್ಟು, ಉಳಿದಿರುವ ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. ನಾನು ಬಗ್ಗಿ ಎಲ್ಲವನ್ನೂ ಹೇಳಿದೆ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ನಿಜ ಹೇಳಿಬಿಡು ಎಂದೆ.

ಅವನು ಟೇಪಿನ ತುದಿ ತುಟಿಗೆ ಅಂಟಿಸಿಕೊಂಡೇ ಕೇಳಿದ.

“ನಿಂತೈತೆ ಅಂತ ಗೊತ್ತಾತಾ?”

“ಇಲ್ಲ. ಕಮ್ಮಿ ಬರುತ್ತಿದೆ ಅಂತ ಮಾತ್ರ.”

“ಕಮ್ಮಿ ಅಂತ ಗೊತ್ತಾಗಿದ್ದುಕ್ಕೇ ಇಷ್ಟು. ನಿಜ ಗೊತ್ತಾದ್ರೆ ಸೂಜಿ ಮುಟ್ಟಾದೇ ಇಲ್ಲ ಸ್ವಾಮಿ.” ತುಟಿಯಿಂದ ಟೇಪು ಕಿತ್ತು ಡಬ್ಬಿಗೆ ಹಚ್ಚಿ, ನುಣ್ಣನೆಯ ಹೆಬ್ಬೆರಳಿನಿಂದ ಅದುಮಿದ. “ಆಸ್ಪತ್ರೆಗೆ ಹೋಗಾಣ ನಡೀರಿ. ಬರ್ತಾ ಇನ್ನೊಂದು ಅಂಗ್ಡ್ಯಾಗೆ ವಿಚಾರ್ಸಾಣ, ಸಂಜಿ ಹೊತ್ತಿನ ಕೆಲ್ಸಕ್ಕೆ.”

ಎದ್ದು ನಿಲ್ಲಲು ಅವನು ಕೈ ಚಾಚಿದ. ಹಿಡಿದು ಎಬ್ಬಿಸಿದೆ.